ಎರವಲು ಮೂಗು

ಮನೆ ಚೆನ್ನಾಗಿದೆ, ವಾಸನೆಯೊಂದು ಹೋಗಬೇಕು,
ಅಂದ ಬ್ರೋಕರ್ ಚೌಡರೆಡ್ಡಿ, ಹೊಸಿಲಾಚೆಯೇ ನಿಂತು.
ಯಾವ ವಾಸನೆ, ಅಂದೆ.
ಅವನು ನಗಲಿಲ್ಲ. ಪಾಪ ಅನ್ನೋ ಹಾಗೆ ನೋಡಿದ.

ಇಪ್ಪತ್ತೆರಡು ವರ್ಷ ಈ ನಡುಮನೆಯ ಹಿಂದೆ
ಆರು ಬೇಸಿನ್ನಿನಲ್ಲಿ ಗೂಡು ಬೆಂದಿದೆ.
ನೂಲು ರಾಟೆಗೆ, ಹುಳು ಬುಟ್ಟಿಗೆ,
ಹಬೆ ಗೋಡೆಗೆ.
ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದ ಮೊದಲ ವಾರ
ಅನ್ನ ಸೇರಿರಲಿಲ್ಲ ನನಗೆ. ದುಪಟ್ಟಾ ಮೂಗಿಗೆ ಬಿಗಿದುಕೊಂಡೇ
ಪಾತ್ರೆ ತೊಳೆಯುತ್ತಿದ್ದೆ. ಅತ್ತೆ ಆಡಿದ್ದು ಒಂದೇ ಮಾತು:
"ನಲವತ್ತು ದಿನ ತಡಿ."
ಎಷ್ಟನೇ ದಿನ ಅದು ನಿಂತಿತೋ, ಬರೆದಿಟ್ಟುಕೊಳ್ಳಲಿಲ್ಲ.

ಈಗ ಬಾಬಾಜಾನ್ ಚಿಂತಾಮಣಿಯ ಟೊಮೊಟೊ ಮಂಡಿಯಲ್ಲಿ
ಕ್ರೇಟು ಎಣಿಸುತ್ತಾನೆ. ಅವನ ಎದೆಗೆ ಹಬೆ ಸಾಕು ಅಂದಿದ್ದಾರೆ ಡಾಕ್ಟರು.
ರಾತ್ರಿ ಬಾಗಿಲಿಗೆ ಬಂದರೆ ಕೊಳೆತ ಟೊಮೊಟೊ,
ಕಾಲು ತೊಳಕೊಂಡು ಬಾ ಅಂತೀನಿ ಅಲ್ಲಿಂದಲೇ.
ಹೊಸದು ಮಾತ್ರ ಗೊತ್ತಾಗುತ್ತೆ ನೋಡಿ.
ಬೇಸಿನ್ನು, ಮೋಟರು, ಬಾಯ್ಲರಿನ ಹೊಟ್ಟೆ
ಎಲ್ಲ ಗುಜರಿಯವನ ತಕ್ಕಡಿ ಹತ್ತಿದವು.
ಉಳಿದದ್ದು ತೂಕಕ್ಕೆ ಸಿಗದ್ದು.

ಅದನ್ನು ತೆಗೆಯೋಣ ಅಂತ ಹೊರಟೆ.
ಫಿನಾಯಿಲು ಮೂರು ಕ್ಯಾನು. ಬೇವಿನ ಹೊಗೆ.
ಶುಕ್ರವಾರದ ಲೋಬಾನ, ಈಗ ದಿನಾ.
ಮೂಲೆಮೂಲೆಗೆ ತಟ್ಟೆಯಲ್ಲಿ ಕಾಫಿಪುಡಿ,
ಮನೆಯೋ ಹೋಟೆಲ್ಲೋ ಅಂತ ನಾದಿನಿ ರೇಗಿಸಿದಳು.
ಪಿಳ್ಳಪ್ಪ ಬಂದು ಗೋಡೆ ಕೆರೆದ. ಪದರದ ಕೆಳಗೆ ಪದರ,
ಹಸಿರು, ಕಾವಿ, ಮತ್ತೆ ಹಸಿರು, ಕೊನೆಗೆ
ಬೇಸಿನ್ ಇದ್ದ ಕಡೆ ಗಿಣಿಹಸಿರೂ ಅಲ್ಲದ ಕಪ್ಪೂ ಅಲ್ಲದ ಒಂದು ಮಚ್ಚೆ.
ಎರಡು ಸಲ ಪುಟ್ಟಿ ಮೆತ್ತಿದ. ಮೂರನೇ ಬೆಳಿಗ್ಗೆ
ಏಣಿ ಇಳಿದು, ಬೀಡಿ ಹಚ್ಚಿ,
"ಅಕ್ಕಾ, ಈ ಗೋಡೆ ಇನ್ನೂ ಕೆಲಸಕ್ಕೆ ಹೋಗ್ತಾ ಐತೆ" ಅಂದ.

ಹೋಯಿತೋ ಇಲ್ಲವೋ ಹೇಳುವವರು ಯಾರು?
ನನ್ನ ಮೂಗು ಸುಳ್ಳು ಸಾಕ್ಷಿ. ಇಡೀ ಬೀದಿಯದೇ ಅಂಥದ್ದು.
ಎದುರು ಬಾಡಿಗೆ ಮನೆಗೆ ಬೀದರ್ ಕಡೆಯ ಮೇಷ್ಟ್ರ ಸಂಸಾರ
ಆಗಷ್ಟೇ ಹಾಲು ಉಕ್ಕಿಸಿತ್ತು. ಅವರ ಮಗಳು ಭಾಗ್ಯವಂತಿ,
ಮುಂದಿನ ಎರಡು ಹಲ್ಲಿಲ್ಲ, ಮೂಗು ಮಾತ್ರ ಹೊಚ್ಚ ಹೊಸದು.
ದಿನಕ್ಕೊಂದು ಕೊಬ್ಬರಿ ಬಿಸ್ಕತ್ತಿಗೆ ಮಾತಾಡಿಕೊಂಡೆ.

ಮೊದಲ ದಿನ ಹೊಸಿಲಲ್ಲೇ "ಯವ್ವಾ!" ಅಂತ ಓಡಿದಳು.
ಬಿಸ್ಕತ್ತು ಕೊಟ್ಟೆ, ನಿಜ ಹೇಳಿದ್ದಕ್ಕೆ.
ಎಂಟನೇ ದಿನ ನಡುಮನೆಯವರೆಗೆ ಬಂದಳು,
"ಇಲ್ಲಿತನಾ ಇಲ್ರಿ. ಆಕಡಿ ಅದ."
ಆಕಡೆ ತೊಳೆದೆ.
ಇಪ್ಪತ್ತು ಕಳೆದ ಮೇಲೆ ಅಟ್ಟದ ಕೆಳಗೆ ಬೆಕ್ಕಿನ ಹಾಗೆ ಸುತ್ತಿ,
"ಜರಾ ಅದ."
ಜರಾ! ನಾನು ಕುಣಿಯುವುದೊಂದು ಬಾಕಿ.
ನಿನ್ನೆ ಬೇಸಿನ್ ಇದ್ದ ಜಾಗದಲ್ಲೇ ಕೂತು,
ಕಾಲು ನೀಡಿಕೊಂಡು, ಬಿಸ್ಕತ್ತಿನ ಪುಡಿ ಕೂಡ ಬಿಡದೆ ತಿಂದಳು.
"ವಾಸ್ನಿ ಏನೂ ಇಲ್ರಿ ಚಾಚಿ, ಖರೇ."

ಚೌಡರೆಡ್ಡಿಗೆ ಫೋನು ಹಚ್ಚಲು ಎದ್ದೆ.
ಫೋನಿನ ಮೇಲೆ ಕ್ಯಾಲೆಂಡರು ತೂಗುತ್ತಿತ್ತು.
ಅವರು ಬಂದ ದಿನದಿಂದ ಬೆರಳ ಗೆಣ್ಣಲ್ಲಿ ಎಣಿಸಿದೆ, ಎರಡು ಸಲ.
ನಲವತ್ತೊಂದು.
ಹುಡುಗಿಯ ಗಲ್ಲ ಹಿಡಿದು ಮೂಗು ನೋಡಿದೆ.
ಹೊರಗಿನಿಂದ ಏನೂ ಬದಲಾಗಿರಲಿಲ್ಲ.

ಇವತ್ತು ಗೌರಿಬಿದನೂರಿನಿಂದ ಗಂಡ ಹೆಂಡತಿ ಬಂದಿದ್ದಾರೆ.
ಕಾರು ಮೋರಿಯ ಪಕ್ಕ. ಚೌಡರೆಡ್ಡಿ ಮುಂದೆ.
ಆಕೆ ಸಂಪು ಎಷ್ಟು ಅಡಿ ಅಂತ ಕೇಳುತ್ತಿದ್ದಾಳೆ,
ಆತ ಕಾಲೊರೆಸುತ್ತಿದ್ದಾನೆ, ಕಾಲ ಕೆಳಗೆ
ಇಷ್ಟೆಲ್ಲ ತೊಳೆದವಳು ಮರೆತ ಒಂದೇ ಒಂದು,
ಹಳೇ ಗೂಡಿನ ಗೋಣಿಚೀಲ.
ಬನ್ನಿ ಒಳಗೆ, ಅಂದೆ,
ಮಾತಾಡುವಾಗ ಕಣ್ಣು ನೋಡಬೇಕು,
ಮೂಗನ್ನಲ್ಲ, ಅಂತ
ನನಗೆ ನಾನೇ ಹೇಳಿಕೊಳ್ಳುತ್ತಾ.