ಮೂರು ಹಿಡಿಯಷ್ಟು ದೂರ

ಅಕ್ಟೋಬರಿನ ಕೊನೆಯ ಶನಿವಾರ.
ಬೆಥೆಸ್ಡಾದ ಬೀದಿದೀಪಗಳು ಇನ್ನೂ ಆರಿರಲಿಲ್ಲ.
ಅತ್ತೆ ಮೆರೆರಿಡ್ ಆಗಲೇ ಬಾಗಿಲಲ್ಲಿ,
ಅರವತ್ತೇಳರ ಮೊಣಕಾಲಿಗೆ ಪಟ್ಟಿ ಸುತ್ತಿ,
ಫ್ಲಾಸ್ಕಿನ ಮುಚ್ಚಳ ಎರಡೆರಡು ಸಲ ತಿರುಗಿಸಿ ನೋಡುತ್ತ.

'ಮುಳ್ಳಿನ ಅಟ್ಟೆ ತಗೊಳ್ಳೋಣವೆ?' ಅಂದೆ.
'ಅಕ್ಟೋಬರಿಗೋ?' ಅಂತ ನಕ್ಕಳು.
ಅವು ಕಾರಿನ ಡಿಕ್ಕಿಯಲ್ಲೇ ಉಳಿದವು,
ನನ್ನ ಮಗ ಟೆಗಿಡ್‌ನ ಬೇಸಿಗೆಯ ಮರಳಿನ ಬಕೆಟ್ಟಿನ ಪಕ್ಕ.

ಜರೀಗಿಡ ಕಂದಿ ತುಕ್ಕಿನ ಬಣ್ಣ.
ಕುರಿಗಳ ಬೆನ್ನಿಗೆ ಒಡೆಯರ ನೀಲಿ, ಕೆಂಪು ಗುರುತು;
ಉಣ್ಣೆಯ ತುದಿತುದಿಯಲ್ಲೂ ಇಬ್ಬನಿ ಗಟ್ಟಿಯಾಗಿ
ಅವು ಎದ್ದು ಮೈ ಕೊಡವಿದರೆ ಸಣ್ಣಗೆ ಸದ್ದಾಗುತ್ತಿತ್ತು.
ಆಗಲೇ ತಿಳಿಯಬೇಕಿತ್ತು.

ಅವಳ ಅಪ್ಪ ಸ್ಲೇಟು ಸೀಳುತ್ತಿದ್ದವನು,
ಕಲ್ಲಿಗೆ ಕಿವಿಗೊಟ್ಟು ಎಳೆ ಯಾವ ಕಡೆಗೆಂದು ಹೇಳುತ್ತಿದ್ದವನು.
ಮಗಳಿಗೂ ಅದೇ ಚಟ:
ಹಿಡಿಯುವ ಮೊದಲು ಬೆರಳಗಣ್ಣಿನಿಂದ ತಟ್ಟುತ್ತಾಳೆ,
ಒಳಗೆ ಯಾರಾದರೂ ಇದ್ದಾರೆಯೇ ಅನ್ನುವ ಹಾಗೆ.
ಈ ಏಣನ್ನು ನಲವತ್ತೊಂದು ಸಲ ಹತ್ತಿದ್ದಾಳೆ.
ನನಗಿದು ಎರಡನೆಯದು.

ಮೊದಲು ಮೆಟ್ಟಿಲುಬಂಡೆ, ಆಮೇಲೆ ಸೀಳು, ಆಮೇಲೆ ಓರೆ ಹಾಸು.
ಬಂಡೆ ಕೈ ಕೊಟ್ಟಿತು.
ಒಳ್ಳೆಯ ಅರ್ಥದಲ್ಲೇ ಹೇಳುತ್ತಿದ್ದೇನೆ:
ದೋಣಿಯಿಂದ ಇಳಿಯುವವರಿಗೆ ದಡದವರು ಕೊಟ್ಟ ಹಾಗೆ.

ಪಡುವಣ ಮಗ್ಗುಲಿಗೆ ತಿರುಗಿದ್ದೇ
ನೆರಳು. ಬಂಡೆ ಹೊಳೆಯುತ್ತಿತ್ತು. ಒದ್ದೆ ಅಂದುಕೊಂಡೆ.
ಅತ್ತೆ ತಟ್ಟಿದಳು. ಸದ್ದೇ ಬೇರೆ.
ಕೈಗವಸನ್ನು ಹಲ್ಲಿನಿಂದ ಎಳೆದು ತೆಗೆದು
ಉಗುರಿನಿಂದ ಗೀರಿದಳು. ಗೀರು ಬೆಳ್ಳಗೆ ಉಳಿಯಿತು.

ರಾತ್ರಿಯೆಲ್ಲ ಒಸರಿದ ನೀರು
ಒಸರುತ್ತಿದ್ದಂತೆಯೇ ನಿಂತುಬಿಟ್ಟಿತ್ತು,
ಮಾತಿನ ನಡುವೆ ಹೆಸರು ಮರೆತವರ ಬಾಯಿಯ ಹಾಗೆ.
ನೀರ್ಗಲ್ಲು. ಕಲ್ಲಿನ ಮೇಲೆ ಕಲ್ಲು.
ಒಳಗಿನ ಕಲ್ಲುಹೂವಿನ ಅಂಚು ಎಣಿಸಬಹುದು, ಅಷ್ಟು ತಿಳಿ.
ಕೈ ಕೊಡಲು ಕಾದಿತ್ತು, ಇನ್ನೊಂದು ಅರ್ಥದಲ್ಲಿ.

ಇನ್ನು ಮೂರು ಹಿಡಿ. ಮೂರೇ.
ಅದರಾಚೆ ಹುಲ್ಲಿನ ಜಗಲಿ,
ಅಲ್ಲಿಂದ ತುದಿಗೆ ಕಿಸೆಯಲ್ಲಿ ಕೈಯಿಟ್ಟುಕೊಂಡು ಹೋಗಬಹುದು.
ಮನಸ್ಸಿನಲ್ಲಿ ನಾನು ಆಗಲೇ ಹತ್ತಿಯಾಗಿತ್ತು:
ಎಡಗೈ, ಬಲಗಾಲು, ಒಂದು ಉಸಿರು, ಬಲಗೈ.
ಮನಸ್ಸಿನ ಬೂಟಿಗೆ ಜಾರುವುದೇ ಗೊತ್ತಿಲ್ಲ.

ಅತ್ತೆ ಒಂದು ಹೆಜ್ಜೆ ಇಟ್ಟಳು.
ಬಲಗಾಲು ಒಂದು ಬೆರಳಿನಗಲ ಸರಿಯಿತು, ಅಷ್ಟೇ.
ನಾನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು.
ಕೆಳಗೆ ರಸ್ತೆಯಲ್ಲಿ ಹಾಲಿನ ಲಾರಿ ಗೇರು ಬದಲಿಸಿತು.

'ನಿನ್ನ ತುಟಿ ನೀಲಿಯಾಗಿದೆ,' ಅಂದಳು. 'ಇಳಿಯೋಣ.'
'ಹೌದು, ತುಂಬಾ ಚಳಿ,' ಅಂದೆ.
ಅಂಗಿಯೊಳಗೆ ಬೆವರುತ್ತಿದ್ದೆ.

ಇಳಿಯುವಾಗ ಕಾಲಿಗೇ ಕಣ್ಣು ಬರಬೇಕು.
ನಾನು ಮೊದಲು ಇಳಿದು
ಅವಳ ಹಿಮ್ಮಡಿ ಹಿಡಿದು ಒಂದೊಂದೇ ಬಿರುಕಿಗೆ ಕೂರಿಸಿದೆ.
'ಇಲ್ಲಿ. ಇನ್ನೂ ಎಡಕ್ಕೆ. ಹಾಂ, ಇಲ್ಲಿ.'
ಹನ್ನೊಂದು ವರ್ಷದ ಸೊಸೆತನದಲ್ಲಿ
ಅವಳ ಪಾದ ಮುಟ್ಟಿದ್ದು ಅದೇ ಮೊದಲು.
ಅವಳು ನನ್ನ ಮಾತು ಕೇಳಿದ್ದೂ.

ಹನ್ನೆರಡಕ್ಕೆ, ಸರೋವರದ ಪಕ್ಕದ ಟೀ ಅಂಗಡಿ.
ಒಣದ್ರಾಕ್ಷಿಯ ಬ್ರೆಡ್ಡು, ಉಪ್ಪು ಬೆಣ್ಣೆ.
ಕಿಟಕಿಯಾಚೆ ಏಣಿನ ಉದ್ದಕ್ಕೂ ಬಿಸಿಲು.
ಮೇಲೆ ಎರಡು ಚುಕ್ಕೆ, ಕೆಂಪೊಂದು, ಹಳದಿಯೊಂದು,
ಸಲೀಸಾಗಿ ದಾಟುತ್ತಿದ್ದವು
ನಮ್ಮ ಆ ಮೂರು ಹಿಡಿಯನ್ನೇ ಇರಬೇಕು.

'ಎರಡು ಗಂಟೆ ತಡವಾಗಿ ಹೊರಟಿದ್ದರೆ...' ಅಂದೆ.
ಅತ್ತೆ ಅಂಚಿನಿಂದ ಅಂಚಿಗೆ ಬೆಣ್ಣೆ ಹಚ್ಚುತ್ತಿದ್ದಳು.
'ಅದು ಬೇರೆ ಬೆಟ್ಟ,' ಅಂದಳು. 'ಅವರೇ ಹತ್ತಲಿ.'

ಅವಳ ಬೆರಳ ತುದಿಗೆ ರಕ್ತ ಮರಳುತ್ತಿತ್ತು,
ಮುಖ ಕಿವುಚಿದ್ದರಿಂದ ಗೊತ್ತಾಯಿತು.
ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ
ಮೇಜನ್ನು ಗಣ್ಣಿನಿಂದ ಎರಡು ಸಲ ತಟ್ಟಿದಳು,
ತಲೆ ಓರೆ ಮಾಡಿ, ಕಿವಿಗೊಟ್ಟು.
ಅಂಗಡಿಯ ಹುಡುಗಿ ತಿರುಗಿ ನೋಡಿ
'ಇನ್ನೊಂದು ಟೀ?' ಅಂದಳು.