ಮುಂದಿನ ವರ್ಷದ ಫೋನು

ಕಪನೂರಿನ ಬೇಳೆ ಮಿಲ್ಲು, ತೂಕದ ಕೋಣೆ.
ಮೇಜಿನ ಮೇಲೆ ತೊಗರಿ ಧೂಳು, ಧೂಳಿನ ಮೇಲೆ ನನ್ನ ಮೊಣಕೈ,
ಗೋಡೆಯ ಮೊಳೆಗೆ ಮಾಲಕರ ವೈಫೈ.
ಅದರ ಹೆಸರು ಇನ್ನೂ ಗುಲಬರ್ಗಾ ಟೂ.
ಊರಿನ ಹೆಸರು ಬದಲಾದ ಸುದ್ದಿ
ಆ ಡಬ್ಬಿಗೆ ಯಾರೂ ಹೇಳಿಲ್ಲ.

ಊಟದ ಹೊತ್ತಿಗೆ ರುಕುಂಬಿ ಬಂದಳು,
ಸೆರಗಿನ ಗಂಟಿನಿಂದ ಫೋನು ಬಿಚ್ಚಿದಳು.
"ಪ್ಲೇ ಸ್ಟೋರು ತೆರೀವಲ್ದು ಮುನೀಮಸಾಬ.
ಮುಂಜಾನಿಂದ ಬರೇ ಗಿರಗಿರ ತಿರಗಲತ್ತದ.
ಗಿರಣಿ ತಿರಗಿದ್ರ ಬೇಳಿಯರ ಬೀಳ್ತದ."

ವೈಫೈ ಆರಿಸಿದೆ, ಹಚ್ಚಿದೆ.
ಮರೆತುಬಿಡು ಅಂದೆ, ಮತ್ತೆ ಗುರುತು ಮಾಡಿಸಿದೆ:
ಪಾಸ್‌ವರ್ಡಿನಲ್ಲಿ ಮಾಲಕರ ಮಗಳ ಹೆಸರು, ಹುಟ್ಟಿದ ಇಸವಿ.
ಕ್ಯಾಶ್ ತೆಗೀತೀನಿ ಅಂದೆ.
"ನನ್ನ ರೊಕ್ಕಕ್ಕ ಕೈ ಹಚ್ಚಬ್ಯಾಡ್ರಿ" ಅಂದಳು.
ನಾನು ನಕ್ಕೆ.
ಅವಳು ನಗಲಿಲ್ಲ.

ಡಬ್ಬಿಯ ವಾಯರು ಕಿತ್ತು, ಹತ್ತು ಎಣಿಸಿ, ಚುಚ್ಚಿದೆ.
ಹಸಿರು ದೀಪ ಬಂತು. ದುಂಡು ಮಾತ್ರ ಅಲ್ಲೇ, ತಿರುಗುತ್ತ.
ಡಾಟಾ ಹಾಕಿಸೋಣವೆಂದರೆ
ಪಗಾರ ಶನಿವಾರಕ್ಕೆ, ಇಂದು ಬುಧವಾರ.

"ಯಾವ ಆ್ಯಪು ಬೇಕಿತ್ತು?" ಕೇಳಿದೆ, ತಲೆ ಎತ್ತದೆ.
"ಓದಿ ಹೇಳೂದು ಒಂದು ಅದ ಅಂತಲ್ರಿ.
ಕಾಗದದ ಮ್ಯಾಲ ಫೋನ್ ಹಿಡದ್ರ
ಬರದಿದ್ದೆಲ್ಲಾ ಬಾಯಿಲೆ ಅಂತದಂತ.
ಮಗಳು ಆಳಂದದಿಂದ ಹೇಳ್ಯಾಳ."

ಒಂಬತ್ತು ವರ್ಷದಿಂದ
ಅವಳ ಹಾಜರಿ ನಾನೇ ಓದಿ ಹೇಳಿದ್ದು.
ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ನಿಲ್ಲುತ್ತಾಳೆ,
ಐದೂವರೆ ದಿನ ಅಂದರೆ ಐದೂವರೆ,
ಒತ್ತುತ್ತಾಳೆ.
ಯಾವ ವಾರ ಅದು ಆರಾಗಿತ್ತು ಎಂದು
ಈಗ ನನಗೂ ನೆನಪಿಲ್ಲ.

ಆಗ ಕಂಡಿತು, ಪರದೆಯ ಮೂಲೆಯಲ್ಲಿ, ತಾರೀಖು.
ಹೊರಗೆ ಮಾರ್ಚಿನ ಬಿಸಿಲಿಗೆ ಶಹಾಬಾದ ಕಲ್ಲು ಕಾಯುತ್ತಿದೆ,
ಫೋನಿನೊಳಗೆ ಮುಂದಿನ ವರ್ಷದ ಆಗಸ್ಟು.
ಇದು ಮೊಮ್ಮಗ ನಬಿಲಾಲನ ಕೈಚಳಕ.
ಆಟದಲ್ಲಿ ಜೀವ ಮುಗಿದಾಗ
ದಿನ ಮುಂದೂಡಿದರೆ ಐದು ಜೀವ ಪುಕ್ಕಟೆ.
ಐದೈದಾಗಿ ಜೀವ ತಿನ್ನುತ್ತ ಹುಡುಗ
ಅಜ್ಜಿಯ ಫೋನನ್ನು
ಇನ್ನೂ ಬಿತ್ತದ ತೊಗರಿಯ ಆಚೆಗೆ ಒಯ್ದು ಬಿಟ್ಟಿದ್ದಾನೆ.
ಬಾರದ ದಿನದಿಂದ ಬಂದು ಬಾಗಿಲು ಬಡಿದರೆ
ಅಂಗಡಿಯವನು ಗುರುತು ಹೇಗೆ ಹಿಡಿದಾನು?

ಒಂದು ಗಳಿಗೆ ಸುಮ್ಮನಿದ್ದೆ.
"ಹಳೇ ಫೋನು, ಆಗಂಗಿಲ್ಲ" ಅಂದರೆ ಮುಗಿಯಿತು.
ಮಾತು ನಾಲಿಗೆಗೆ ಬಂದು
ತೊಗರಿ ಹೊಟ್ಟಿನಂತೆ ಅಂಗುಳಕ್ಕೆ ಅಂಟಿ ಕೂತಿತು.
ಲಾರಿಯೊಂದು ಕಾಟಾ ಹತ್ತಿ ಹಾರನ್ನು ಹೊಡೆಯಿತು.
ರುಕುಂಬಿ ಸೆರಗಿನ ತುದಿಯಿಂದ
ನನ್ನ ಮೇಜು ಒರೆಸುತ್ತಿದ್ದಳು,
ಯಾರೂ ಹೇಳದೆ, ಮೊಣಕೈಯ ಸುತ್ತ.

ತಾರೀಖು ತಾನೇ ಹಿಡಿದುಕೊಳ್ಳಲಿ ಎಂಬ ಗುಂಡಿ ಒತ್ತಿದೆ.
ಆಗಸ್ಟು ಹಿಂದಕ್ಕೆ ನಡೆದು ಮಾರ್ಚಿಗೆ ಬಂತು.
ದುಂಡು ನಿಂತಿತು,
ಅಂಗಡಿ ತೆರೆಯಿತು,
ಒಳಗೆ ಎಷ್ಟೊಂದು ಬಣ್ಣ.

ಆ್ಯಪು ಇಳಿಯಿತು. ಅವಳು ನನ್ನನ್ನು ಕೇಳಲಿಲ್ಲ,
ಕೆಂಪು ರಟ್ಟಿನ ಹಾಜರಿ ಪುಸ್ತಕ ತಾನೇ ಬಿಚ್ಚಿ
ಮೇಲೆ ಫೋನು ಹಿಡಿದಳು.
ಕೈ ನಡುಗುತ್ತಿರಲಿಲ್ಲ. ಅವಳದು.

ಹೆಂಗಸಿನ ದನಿ, ಯಾವ ಊರಿನದೂ ಅಲ್ಲದ ಕನ್ನಡ:
"ಬರಹ ಸ್ಪಷ್ಟವಾಗಿಲ್ಲ.
ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

ಮತ್ತೊಮ್ಮೆ ಹಿಡಿದಳು. ಮತ್ತೆ ಅದೇ ಮಾತು.
ನಾನು ಪೆನ್ನಿನ ಟೊಪ್ಪಿಗೆ ತೆಗೆದೆ, ಹಾಕಿದೆ, ತೆಗೆದೆ.

ಫೋನನ್ನು ಸೆರಗಿಗೆ ಗಂಟು ಹಾಕಿ
ಹೊಸ್ತಿಲಲ್ಲಿ ಹೊಳ್ಳಿ ನಿಂತಳು.
"ಈ ಶನಿವಾರದಿಂದ
ಅಕ್ಷರ ಜರಾ ಬಿಡಿಸಿ ಬರೀರಿ ಮುನೀಮಸಾಬ.
ಅದಕ್ಕ ತಿಳೀಬೇಕಲ್ಲ."