ಗಾಳಿಯನ್ನು ಎಲ್ಲಿ ಬರೆಯಲಿ

ಉಜ್ವಲಾ, ನಿನ್ನ ಮೂರನೇ ಅಧ್ಯಾಯ ಓದಿದೆ.
ಕೆಂಪು ಶಾಯಿ ಕಂಡು ಗಾಬರಿಯಾಗಬೇಡ,
ಅರ್ಧ ಗೀಟುಗಳು ಬಸ್ಸು ಎಳೆದದ್ದು
ಅರ್ಗಾ ತಿರುವಿನಲ್ಲಿ.

ನಮ್ಮಪ್ಪನದು ಕೋಡಿಬಾಗದಲ್ಲಿ ಮೈಕ್ ಸೆಟ್ಟಿನ ಅಂಗಡಿ.
ಮದುವೆಗೆ, ಸತ್ಯನಾರಾಯಣ ಪೂಜೆಗೆ, ಚುನಾವಣೆಗೆ
ಅದೇ ಎರಡು ಹಾರ್ನು, ಅದೇ ಬ್ಯಾಟರಿ.
ಮೂರು ಪಕ್ಷದವರೂ ಬರುತ್ತಿದ್ದರು,
ಮೂವರಿಗೂ ಒಂದೇ ಬಾಡಿಗೆ;
ಬಾಕಿ ಉಳಿಸುತ್ತಿದ್ದವನು ಗೆದ್ದವನು ಮಾತ್ರ.

ಅಪ್ಪ ಭಾಷಣ ಕೇಳಿದವನಲ್ಲ. ಗಾಳಿ ನೋಡುತ್ತಿದ್ದ.
ಹಗಲು ಕಡಲಿನಿಂದ ಊರಿಗೆ,
ರಾತ್ರಿ ಊರಿನಿಂದ ಕಡಲಿಗೆ.
ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು
ಹಾರ್ನಿನ ಮೂತಿ ತಿರುಗಿಸುತ್ತಿದ್ದ.
ಒಮ್ಮೆ ಏಳು ಗಂಟೆಯ ಗಾಳಿಗೆ ಕಟ್ಟಿಯಾಗಿತ್ತು,
ಮುಖಂಡರು ಬಂದದ್ದು ಒಂಬತ್ತೂವರೆಗೆ.
ಹೊಸ ಧಕ್ಕೆ ಕಟ್ಟಿಸುತ್ತೇನೆ ಎಂದರಂತೆ.
ಮೈದಾನದ ಹಿಂದಿನ ಸಾಲಿಗೆ ಏನೂ ಕೇಳಲಿಲ್ಲ.
ಬೆಳಿಗ್ಗೆ ದೋಣಿ ಇಳಿದ ಪುಂಡಲೀಕ ಮಾಮ
ಒಂದಕ್ಷರ ಬಿಡದೆ ಒಪ್ಪಿಸಿದ,
ಬಲೆ ಕೊಡವುತ್ತ.

ಹನ್ನೊಂದು ವರ್ಷದ ನನಗೆ ವಿಷಯ ಸಿಕ್ಕಿದ್ದು ಅವತ್ತೇ.
ಅದಕ್ಕೊಂದು ಹೆಸರಿದೆ ಅಂತ ತಿಳಿಯಲು
ಧಾರವಾಡದವರೆಗೆ ಹೋಗಬೇಕಾಯಿತು.
ಅಲ್ಲಿ ಹಲಗೆಯ ಮೇಲೆ ಮೂರು ಚೌಕ:
ಹೇಳುವವ, ಮಾತು, ಕೇಳುವವ. ನಡುವೆ ಬಾಣ.
ಸರ್, ಗಾಳಿಯನ್ನು ಎಲ್ಲಿ ಬರೆಯಲಿ, ಎಂದೆ.
ತರಗತಿ ನಕ್ಕಿತು.
ಹಾವನೂರ ಸರ್ ಸೀಮೆಸುಣ್ಣ ನನ್ನ ಕೈಗಿಟ್ಟು
ಹೋಗಿ ಕೂತರು, ಹಿಂದಿನ ಬೆಂಚಿನಲ್ಲಿ.

ಆಮೇಲಿನದು ನಿನಗೆ ಗೊತ್ತು. ಅರ್ಜಿ, ಫೆಲೋಶಿಪ್ಪು,
ಎರಡು ಸಲ ವಾಪಸು ಬಂದ ಪ್ರಬಂಧ.
ಆ ಧಕ್ಕೆ ಇವತ್ತಿಗೂ ಇರುವುದು
ನನ್ನ ಅಡಿಟಿಪ್ಪಣಿಯಲ್ಲಿ ಮಾತ್ರ.

ಈಗ ನಿನ್ನ ಪುಟ ಎಂಬತ್ತೆರಡು.
ಮೀನುಪೇಟೆಯ ಹೆಂಗಸರು ವಾಟ್ಸಾಪಿನ ಭಾಷಣವನ್ನು
ಎರಡು ಪಟ್ಟು ವೇಗದಲ್ಲಿ ಕೇಳುತ್ತಾರೆ,
ಮುಖಂಡರ ದನಿ ಕೀರಲಾಗಿ ಓಡುತ್ತಿರುವಾಗ
ಬಂಗುಡೆ ಎಣಿಸುತ್ತಾರೆ, ನಗುತ್ತಾರೆ,
ಒದ್ದೆ ಹೆಬ್ಬೆರಳಿನಿಂದ ಮುಂದಕ್ಕೆ ಕಳಿಸುತ್ತಾರೆ.
ಇಷ್ಟನ್ನು ನೀನು ಆವರಣದೊಳಗೆ ಹಾಕಿ,
ನಾಚಿಕೊಂಡು, ಮುಂದೆ ಹೋಗಿದ್ದೀ.
ಅದರ ಕೆಳಗಿನ ಕೋಷ್ಟಕ ಇದ್ದಹಾಗೇ ನನ್ನದು:
ನನ್ನ ವಿಂಗಡಣೆ, ನನ್ನ ಪದ,
ಮೂವತ್ತು ವರ್ಷದ ಹಿಂದಿನ ಗಾಳಿ.

ಕೋಷ್ಟಕ ಹೊಡೆದುಹಾಕು.
ಆವರಣ ತೆಗೆ.
ಎರಡು ಪಟ್ಟು ವೇಗ ನನಗೆ ಗೊತ್ತೇ ಇರಲಿಲ್ಲ ಮಾರಾಯ್ತಿ,
ನನ್ನ ಫೋನಿನಲ್ಲಿ ಅದು ಎಲ್ಲಿದೆ ಅಂತಲೂ.

ಶನಿವಾರ ನಾನೇ ಬರುತ್ತೇನೆ.
ನಿನ್ನಮ್ಮನ ಬುಟ್ಟಿಯ ಪಕ್ಕ ಒಂದು ಮಣೆ ಹಾಕಿಸು.
ಬಂಗುಡೆ ಎಷ್ಟಾಗಿದೆ ಅಂತಲೂ ಕೇಳಿಡು.